‘ನನಗೆ ಯಾರು ಕೊಟ್ಟಿದ್ದರು?’ ಎನ್ನುವ ಪತಿಗೆ ಒಂದು ಫೋನ್ ಕರೆ

ಅಮೆರಿಕದ ಒಹಾಯೊ ರಾಜ್ಯದ ಕೊಲಂಬಸ್‌ನಿಂದ ಕನ್ನಡದ ಹೆಣ್ಣುಮಗಳೊಬ್ಬರು ಬರೆದ ಪತ್ರ ಓದಿ ಮುಗಿಸಿದಾಗ ನನಗೆ ಬಂದದ್ದು ಸಿಟ್ಟು. ಬರೆದವರ ಮೇಲಲ್ಲ. ಅವರ ಪತಿಯ ಮೇಲೂ ಪೂರ್ತಿಯಾಗಿ ಅಲ್ಲ. ಯಾರ ಮೇಲೆಂದು ಮುಂದೆ ಹೇಳುತ್ತೇನೆ.

ಪತಿ ತಿಪಟೂರು ಕಡೆಯ ಸಣ್ಣ ರೈತ ಕುಟುಂಬದವರು. ಚಿಕ್ಕಂದಿನಲ್ಲೇ ತಂದೆಯನ್ನು ಕಳೆದುಕೊಂಡವರು. ಸಿಇಟಿ ಬರೆದು, ಸರ್ಕಾರಿ ಸೀಟು ಪಡೆದು, ಬೆಂಗಳೂರಿನಲ್ಲಿ ಎಂಜಿನಿಯರಿಂಗ್ ಓದಿ ಅಮೆರಿಕ ಸೇರಿದರು. ಈಗ ಅಲ್ಲಿಯ ಪೌರರು. 2024ರಲ್ಲಿ ಒಹಾಯೊದ ಸೆನೆಟರ್ ಜೆ.ಡಿ. ವ್ಯಾನ್ಸ್ ರಿಪಬ್ಲಿಕನ್ ಪಕ್ಷದ ಉಪಾಧ್ಯಕ್ಷ ಸ್ಥಾನದ ಅಭ್ಯರ್ಥಿಯಾದಾಗಿನಿಂದ ಆ ಮನುಷ್ಯನ ಬಾಲ್ಯದ ಕಥೆ ಇವರ ಮನೆಯಲ್ಲಿ ದಿನದ ಮಾತಾಗಿದೆ. ‘ಅವರೂ ನನ್ನ ಹಾಗೆಯೇ ಕಷ್ಟಪಟ್ಟು ಮೇಲೆ ಬಂದವರು. ಬಿಟ್ಟಿ ಸಹಾಯ ಮನುಷ್ಯನನ್ನು ಕೆಡಿಸುತ್ತದೆ ಎನ್ನುವುದು ಬಡತನ ಕಂಡವನಿಗೆ ಮಾತ್ರ ಗೊತ್ತು’ ಎನ್ನುತ್ತಾರಂತೆ. ಮತ ಯಾರಿಗೆ ಬೇಕಾದರೂ ಹಾಕಲಿ, ಅದು ನನ್ನ ಚಿಂತೆಯಲ್ಲ ಎಂದು ಪತ್ರದಲ್ಲಿ ಸ್ಪಷ್ಟವಾಗಿ ಬರೆದಿದ್ದಾರೆ. ಈಗ ಊರಿನಲ್ಲಿರುವ ಪತಿಯ ಅಕ್ಕನ ಮಗನಿಗೆ ಎಂಜಿನಿಯರಿಂಗ್ ಸೀಟು ಸಿಕ್ಕಿದೆ. ಶುಲ್ಕಕ್ಕೆ ಹಣ ಸಾಲದು. ಅಕ್ಕ ಕೇಳಿದಾಗ ಇವರು, ‘ನನಗೆ ಯಾರು ಕೊಟ್ಟಿದ್ದರು?’ ಎಂದು ಫೋನ್ ಇಟ್ಟರಂತೆ. ‘ನನ್ನ ಸಂಬಳದಿಂದ ಗುಟ್ಟಾಗಿ ಕಳಿಸಿಬಿಡಲೇ?’ ಎಂಬುದು ಹೆಂಡತಿಯ ಪ್ರಶ್ನೆ.

ಸಹೋದರಿ, ನಿಮ್ಮ ಪತ್ರದ ಎರಡನೆಯ ಪುಟದಲ್ಲಿ ಒಂದು ವಾಕ್ಯವಿದೆ. ‘ಆಗ ಇವರು ಪೀಣ್ಯದಲ್ಲಿ ಅಕ್ಕನ ಜೊತೆ ಒಂದೇ ಕೋಣೆಯಲ್ಲಿದ್ದರು, ಅಕ್ಕ ಗಾರ್ಮೆಂಟ್ಸ್‌ಗೆ ಹೋಗುತ್ತಿದ್ದರು.’ ಅಷ್ಟನ್ನು ಹೇಳಿ ನೀವು ಮುಂದಕ್ಕೆ ಹೋಗಿದ್ದೀರಿ. ನಾನು ಅಲ್ಲಿಂದ ಕದಲಲಾರೆ. ಆ ಕೋಣೆಯ ಬಾಡಿಗೆ ಕಟ್ಟಿದವರು ಯಾರು? ಬೆಳಗ್ಗೆ ಶಿಫ್ಟ್‌ಗೆ ಹೊರಡುವ ಮೊದಲು ತಮ್ಮನಿಗೆ ಡಬ್ಬಿ ಕಟ್ಟಿದವರು ಯಾರು? ಹತ್ತನೆಯ ತರಗತಿಗೆ ಓದು ನಿಲ್ಲಿಸಿದ ಹುಡುಗಿ ದಿನವಿಡೀ ಹೊಲಿಗೆ ಯಂತ್ರದ ಮುಂದೆ ಕುಳಿತು, ಗಂಟೆಗೆ ಇಷ್ಟು ತುಂಡು ಎಂಬ ಗುರಿ ಮುಟ್ಟದಿದ್ದರೆ ಮೇಲ್ವಿಚಾರಕನಿಂದ ಬೈಸಿಕೊಂಡು ತಂದ ಸಂಬಳ ಎಲ್ಲಿ ಹೋಯಿತು? ಹೆಣ್ಣುಮಕ್ಕಳ ದುಡಿಮೆ ನಮ್ಮ ಮನೆಗಳ ಲೆಕ್ಕದ ಪುಸ್ತಕಕ್ಕೆ ಏರುವುದೇ ಇಲ್ಲ ಎಂದು ಈ ಅಂಕಣದಲ್ಲಿ ಮತ್ತೆ ಮತ್ತೆ ಬರೆದಿದ್ದೇನೆ. ಓದುಗರಿಗೆ ಬೇಸರವಾದರೂ ಇನ್ನೊಮ್ಮೆ ಬರೆಯುತ್ತೇನೆ.

ನಿಮ್ಮ ಪತಿ ಮೆಚ್ಚಿದ ನಾಯಕರ ಕಥೆಯನ್ನು ಅವರು ಅರ್ಧ ಮಾತ್ರ ಕೇಳಿಸಿಕೊಂಡಿದ್ದಾರೆ. ವ್ಯಾನ್ಸ್ ಹುಟ್ಟಿದ್ದು 1984ರಲ್ಲಿ, ಒಹಾಯೊದ ಉಕ್ಕಿನ ಪಟ್ಟಣ ಮಿಡಲ್‌ಟೌನ್‌ನಲ್ಲಿ. ತಾಯಿ ಮಾದಕ ವ್ಯಸನಕ್ಕೆ ಬಿದ್ದಿದ್ದರು, ಮನೆಗೆ ಒಬ್ಬರಾದ ಮೇಲೊಬ್ಬರು ಮಲತಂದೆಯರು ಬಂದು ಹೋದರು. ಹುಡುಗನಿಗೆ ನೆಲೆ ಕೊಟ್ಟದ್ದು ಕೆಂಟಕಿಯ ಬೆಟ್ಟಸೀಮೆಯಿಂದ ವಲಸೆ ಬಂದಿದ್ದ ಅಜ್ಜಿ. ಆಕೆಯನ್ನು ಅವರು ಎಂದೂ ಬಚ್ಚಿಟ್ಟಿಲ್ಲ. 2024ರ ಜುಲೈನಲ್ಲಿ ಮಿಲ್‌ವಾಕಿಯ ಪಕ್ಷದ ಸಮಾವೇಶದಲ್ಲಿ ಅಭ್ಯರ್ಥಿಯಾಗಿ ನಿಂತು ಮಾತನಾಡಿದಾಗ ದೇಶಕ್ಕೆಲ್ಲ ಅಜ್ಜಿಯ ಕಥೆ ಹೇಳಿದರು. ವ್ಯಸನದಿಂದ ಹೊರಬಂದ ತಾಯಿಯೂ ಆ ಸಭೆಯಲ್ಲಿದ್ದರು. 2016ರಲ್ಲಿ ಬಂದ ತಮ್ಮ ಆತ್ಮಕಥನದಲ್ಲಿ, ಅಕ್ಕ ತನ್ನ ಪಾಲಿಗೆ ಜೊತೆಯ ಮಗುವಿಗಿಂತ ಹೆಚ್ಚಾಗಿ ಮನೆಯ ಹಿರಿಯಳಾಗಿದ್ದಳು ಎಂಬರ್ಥದಲ್ಲಿ ಬರೆದಿದ್ದಾರೆ. ಮರೀನ್ ಪಡೆಯಲ್ಲಿ ನಾಲ್ಕು ವರ್ಷ ದುಡಿದದ್ದಕ್ಕೆ, ಮಾಜಿ ಸೈನಿಕರ ಓದಿಗೆ ಸರ್ಕಾರ ಕೊಡುವ ನೆರವು ಸಿಕ್ಕಿತು. ಮುಂದೆ ಯೇಲ್ ವಿಶ್ವವಿದ್ಯಾಲಯದಲ್ಲಿ ಕಾನೂನು ಓದಲು ಹೋದಾಗ, ಬಡವನೆಂಬ ಕಾರಣಕ್ಕೇ ದೊಡ್ಡ ಮೊತ್ತದ ರಿಯಾಯಿತಿ ದೊರೆಯಿತು. ಇದನ್ನೂ ಅವರೇ ಬರೆದುಕೊಂಡಿದ್ದಾರೆ.

ಇನ್ನೊಂದು ಮಾತು. ಕಷ್ಟ ತನಗೆ ಈ ಪಾಠ ಕಲಿಸಿತು ಎಂದು ನಿಮ್ಮ ಪತಿ ಹೇಳುತ್ತಾರಲ್ಲ, ಅದೇ ಕಷ್ಟ ಒಬ್ಬನೇ ಮನುಷ್ಯನಿಗೆ ಎರಡು ಪಾಠ ಕಲಿಸಬಲ್ಲದು. ಹದಿಹರೆಯದಲ್ಲಿ ದಿನಸಿ ಅಂಗಡಿಯ ಕ್ಯಾಷಿಯರ್ ಆಗಿದ್ದಾಗ, ಸರ್ಕಾರದ ಆಹಾರ ಕೂಪನ್ ಪಡೆಯುವವರು ತನಗೆ ಕೈಗೆಟುಕದ ದುಬಾರಿ ಮಾಂಸ ಕೊಳ್ಳುವುದನ್ನು ಕಂಡು ಕುದಿದದ್ದನ್ನು ವ್ಯಾನ್ಸ್ 2016ರಲ್ಲಿ ಬರೆದರು. ಸರ್ಕಾರವನ್ನೂ ಕಂಪನಿಗಳನ್ನೂ ದೂರುವುದನ್ನು ಬಿಟ್ಟು ನಮ್ಮನ್ನು ನಾವೇ ತಿದ್ದಿಕೊಳ್ಳೋಣ ಎಂದು ತನ್ನ ಜನರಿಗೆ ಹೇಳಿದರು. ಎಂಟು ವರ್ಷಗಳ ನಂತರ ಮಿಲ್‌ವಾಕಿಯಲ್ಲಿ ಅವರ ಬೆರಳು ತಿರುಗಿದ್ದು ಅಮೆರಿಕ, ಕೆನಡಾ, ಮೆಕ್ಸಿಕೊ ನಡುವಿನ ನಾಫ್ಟಾ ವ್ಯಾಪಾರ ಒಪ್ಪಂದದ ಕಡೆಗೆ, ಚೀನಾದೊಂದಿಗಿನ ವ್ಯಾಪಾರದ ಕಡೆಗೆ, ಇರಾಕ್ ಯುದ್ಧದ ಕಡೆಗೆ. ಬಾಲ್ಯ ಅದೇ, ಪಟ್ಟಣ ಅದೇ, ದೂರು ಮಾತ್ರ ಬೇರೆ. ಆದ್ದರಿಂದ ‘ನಾನು ಬಡತನ ಕಂಡಿದ್ದೇನೆ’ ಎಂದಾಕ್ಷಣ ಚರ್ಚೆ ಮುಗಿಯುವುದಿಲ್ಲ. ಕಂಡದ್ದರಲ್ಲಿ ಯಾವುದನ್ನು ಉಳಿಸಿಕೊಂಡಿರಿ, ಯಾವುದನ್ನು ಬಿಟ್ಟಿರಿ ಎಂದು ಕೇಳುವ ಹಕ್ಕು ಮನೆಯವರಿಗಿದೆ. ನಿಮ್ಮ ಪತಿಗೆ ಸಿಕ್ಕ ಸರ್ಕಾರಿ ಸೀಟಿನ ಕಡಿಮೆ ಶುಲ್ಕದ ಹಿಂದೆಯೂ ಯಾರೋ ಕಟ್ಟಿದ ತೆರಿಗೆಯಿತ್ತು.

ಈಗ ನನ್ನ ಸಿಟ್ಟಿಗೆ ಬರುತ್ತೇನೆ. ಅದು ನಿಮ್ಮ ಅತ್ತೆಯ ಮೇಲೆ. ‘ನನ್ನ ಮಗ ಯಾರ ಹಂಗೂ ಇಲ್ಲದೆ ಬೆಳೆದ’ ಎಂದು ಮದುವೆ ಮನೆಯಲ್ಲೂ ನಾಮಕರಣದಲ್ಲೂ ಹೇಳುತ್ತಾ ಬಂದವರು ಅವರೇ ಎಂದು ನೀವು ಬರೆದಿದ್ದೀರಿ. ವಿಧವೆಯಾಗಿ ಇಬ್ಬರು ಮಕ್ಕಳನ್ನು ಸಾಕಿದ ಅವರ ಕಷ್ಟ ನನಗೆ ಅರ್ಥವಾಗುತ್ತದೆ. ಆದರೆ ಮಗನ ಹೆಸರು ಬೆಳಗಲೆಂದು ಮಗಳ ದುಡಿಮೆಯನ್ನು ಅಳಿಸಿದ್ದನ್ನು ನಾನು ಕ್ಷಮಿಸಲಾರೆ. ಇಪ್ಪತ್ತು ವರ್ಷ ಅದನ್ನೇ ಕೇಳಿದ ಮಗ ನಂಬದೆ ಇನ್ನೇನು ಮಾಡಿಯಾನು?

ಗುಟ್ಟಾಗಿ ಹಣ ಕಳಿಸಬೇಡಿ. ಹಾಗೆ ಕಳಿಸಿದರೆ ಹುಡುಗನ ಶುಲ್ಕ ಕಟ್ಟಬಹುದು, ಆದರೆ ಅಕ್ಕ ಮತ್ತೊಮ್ಮೆ ಯಾರಿಗೂ ಕಾಣದಂತೆ ಉಳಿಯುತ್ತಾರೆ, ಅವರ ಜೊತೆಗೆ ಈ ಸಲ ನೀವೂ ಸೇರುತ್ತೀರಿ. ನೀವು ಮಾಡಬೇಕಾದ ಕೆಲಸ ಒಂದೇ. ಈ ಭಾನುವಾರ ಅಕ್ಕನಿಗೆ ನೀವೇ ಕರೆ ಮಾಡಿ, ಪತಿಯನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ, ಸ್ಪೀಕರ್ ಹಾಕಿ. ಶುಲ್ಕದ ಮಾತು ಎತ್ತಬೇಡಿ. ‘ಇವರು ಓದುತ್ತಿದ್ದಾಗ ನಿಮ್ಮ ಸಂಬಳ ಎಷ್ಟಿತ್ತು, ಕೋಣೆಯ ಬಾಡಿಗೆ ಎಷ್ಟಿತ್ತು?’ ಎಂದು ಕೇಳಿ ಸುಮ್ಮನಾಗಿ. ಅಕ್ಕ ‘ಅದೆಲ್ಲ ಈಗ ಯಾಕೆ’ ಎನ್ನುತ್ತಾರೆ. ಇನ್ನೊಮ್ಮೆ ಕೇಳಿ. ಅವರು ಹೇಳಿದ ಮೊತ್ತಗಳನ್ನು ಪತಿಯ ಕೈಯಲ್ಲೇ ಬರೆಸಿ.

ಅಷ್ಟಾದ ಮೇಲೂ ಅವರು ಒಪ್ಪದಿದ್ದರೆ ನಿಮ್ಮ ಸಂಬಳದಿಂದ ಶುಲ್ಕ ಕಟ್ಟಿ, ಅವರ ಎದುರಿಗೇ ಕುಳಿತು ಕಟ್ಟಿ. ಶುಲ್ಕದ ಕೊನೆಯ ದಿನಾಂಕ ಹತ್ತಿರವಿದೆ ಎಂದಿದ್ದೀರಿ, ಹಾಗಾಗಿ ಕರೆಯನ್ನು ಮುಂದೂಡಬೇಡಿ. ಈ ತಿಂಗಳಲ್ಲಿ ನಿಮಗೆ ಬೆಳಗ್ಗೆ ಒಂಬತ್ತೂವರೆ ಎಂದರೆ ತಿಪಟೂರಿನಲ್ಲಿ ಸಂಜೆ ಏಳು. ಅಕ್ಕ ಕೆಲಸದಿಂದ ಬಂದಿರುತ್ತಾರೆ.