ಮೆಯರ್ ಹೇಳಿದ್ದನ್ನು ಹಾಗೇ ನಂಬಿಬಿಟ್ಟಿದ್ದೀರಿ

ನಮಸ್ಕಾರ.

ನಿಮ್ಮ ಲೇಖನ ಓದಿದೆ. ಹದಿನಾಲ್ಕು, ಹದಿನೈದನೇ ಶತಮಾನದ ಯುರೋಪಿನಲ್ಲಿ ಡೊಮಿನಿಕನ್ ಮತ್ತು ಫ್ರಾನ್ಸಿಸ್ಕನ್ ಎಂಬ ಎರಡು ಕ್ರೈಸ್ತ ಪಂಥಗಳ ಸನ್ಯಾಸಿಗಳು ತಮ್ಮ ಮಠಗಳನ್ನು ಹಳೆಯ ಕಟ್ಟುಪಾಡಿಗೆ ಮರಳಿಸಿದ ಕಥೆ. ನಮ್ಮಲ್ಲಿ ಯಾರೂ ಮುಟ್ಟದ ವಿಷಯ, ಖುಷಿಯಾಯಿತು. ಆದರೆ ಈಗಿರುವ ಹಾಗೆ ಪ್ರಕಟಿಸಲು ಆಗುವುದಿಲ್ಲ. ಯಾಕೆ ಅಂತ ನೇರವಾಗಿಯೇ ಹೇಳುತ್ತೇನೆ.

ನಿಮ್ಮ ಕಥೆ ಹೀಗಿದೆ: ಡೊಮಿನಿಕನ್ ಪಂಥ ಕಟ್ಟಿದ ಸಂತ ಡೊಮಿನಿಕ್ ಕಾಲದಲ್ಲಿ ಎಲ್ಲ ಸರಿಯಿತ್ತು. 1348ರ ಹೊತ್ತಿಗೆ ಪ್ಲೇಗು ಬಂತು. 1378ರಲ್ಲಿ ಪೋಪ್ ಪಟ್ಟಕ್ಕೆ ಇಬ್ಬರು ನಿಂತರು. ಶಿಸ್ತು ಕೆಟ್ಟಿತು. ಆಮೇಲೆ ಸುಧಾರಕರು ಬಂದು ಸರಿಮಾಡಿದರು. ಓದಲು ಚೆಂದ. ಆದರೆ ಇದನ್ನು ಹೇಳಿದವರು ಯಾರು? ಆ ಸುಧಾರಕರೇ. ವಾದಿಯ ಅರ್ಜಿಯನ್ನೇ ಕೋರ್ಟಿನ ತೀರ್ಪು ಅಂತ ಅಚ್ಚುಹಾಕಿದಂತಾಗಿದೆ.

ಯೋಹಾನೆಸ್ ಮೆಯರ್ ನಿಮ್ಮಲ್ಲಿ 'ಸಮಕಾಲೀನ ಇತಿಹಾಸಕಾರ' ಎಂದು ಒಂದು ಸಾಲಿನಲ್ಲಿ ಬಂದು ಹೋಗುತ್ತಾನೆ. ನನ್ನ ಕೇಳಿದರೆ ಇಡೀ ಲೇಖನ ಅವನ ಮೇಲೇ ಇರಬೇಕಿತ್ತು. 1422ರ ಆಸುಪಾಸಿನಲ್ಲಿ ಜ್ಯೂರಿಕ್‌ನಲ್ಲಿ ಹುಟ್ಟಿದವನು. ಡೊಮಿನಿಕನ್ ಸನ್ಯಾಸಿಯಾದ. ಸನ್ಯಾಸಿನಿಯರ ಮಠಗಳಲ್ಲಿ ಅವರ ಪಾಪನಿವೇದನೆ ಕೇಳುವ ಪಾದ್ರಿಯಾಗಿ ವರ್ಷಗಟ್ಟಲೆ ಕೆಲಸ ಮಾಡಿದ. 1465ರಲ್ಲಿ ಫ್ರೈಬುರ್ಗ್‌ನ ಮಠಗಳ ಸುಧಾರಣೆಗೆ ಖುದ್ದು ಕೈಹಾಕಿದ. ಆ ಸುಧಾರಣೆಯ ಇತಿಹಾಸ ಬರೆದದ್ದು 1468ರಲ್ಲಿ, ಅಂದರೆ ಮೂರು ವರ್ಷದ ನಂತರ. ಇಂಥವನನ್ನು ಬರೀ 'ಸಮಕಾಲೀನ' ಅಂದರೆ ಸಾಲದು, ಅಲ್ವಾ? ಅವನೇ ಒಂದು ಪಕ್ಷ.

ಇನ್ನೊಂದು ಸಂಗತಿ ನಿಮ್ಮ ಟಿಪ್ಪಣಿಯಲ್ಲೇ ಇದೆ, ನೀವೇ ಗಮನಿಸಿಲ್ಲ. ಮೆಯರ್ ಪಂಥದ ಪುರುಷರ ಬಗ್ಗೆ ಲ್ಯಾಟಿನ್‌ನಲ್ಲಿ ಬರೆದ. ಸುಧಾರಣೆಯ ಪುಸ್ತಕವನ್ನು ಜರ್ಮನ್‌ನಲ್ಲಿ ಬರೆದ. ಯಾಕೆ? ಓದಬೇಕಾದವರು ಸನ್ಯಾಸಿನಿಯರು. ಹೊಸ ಕಟ್ಟುಪಾಡಿಗೆ ಒಪ್ಪಿದ ಹೆಂಗಸರಿಗೆ 'ನಿಮ್ಮ ಹಿರಿಯರು ಇವರು' ಅಂತ ತೋರಿಸಬೇಕಿತ್ತು. ಅದಕ್ಕೇ ಅಲ್ಸಾಸ್‌ನ ಶೋನನ್‌ಸ್ಟೈನ್‌ಬಾಖ್ ಮಠಕ್ಕೆ ಅಷ್ಟೊಂದು ಜಾಗ, ಅಲ್ಲಿನ ಒಬ್ಬೊಬ್ಬ ಸೋದರಿಯ ಬದುಕಿನ ವಿವರ. ಹಾಳುಬಿದ್ದಿದ್ದ ಆ ಮಠಕ್ಕೆ 1397ರಲ್ಲಿ ಪ್ರಶ್ಯದ ಕೊನ್ರಾಡ್ ಎಂಬ ಡೊಮಿನಿಕನ್ ಸುಧಾರಕ ಮತ್ತೆ ಜೀವ ಕೊಟ್ಟ. ಮುಂದೆ ಬೇರೆ ಮಠಗಳನ್ನು ತಿದ್ದಲು ಸೋದರಿಯರು ಹೊರಟಿದ್ದು ಅಲ್ಲಿಂದಲೇ. ಮೆಯರ್‌ನ ಪುಸ್ತಕ ಉಳಿದದ್ದೂ ಇಂಥ ಹೆಂಗಸರು ಕೂತು ನಕಲು ಮಾಡಿದ್ದರಿಂದ. ನಿಮ್ಮ ಲೇಖನದಲ್ಲಿ ಅವರ ಸುಳಿವೇ ಇಲ್ಲ.

ಈಗ ನ್ಯೂರೆಂಬರ್ಗ್‌ಗೆ ಬನ್ನಿ. ಸಂತ ಕ್ಯಾಥರೀನ್ ಮಠ 1428ರಲ್ಲಿ ಸುಧಾರಣೆಯಾಯಿತು ಅಂತ ಬರೆದು, ಮೊದಲು 'ಸ್ವಲ್ಪ ಅಡ್ಡಿಯಿತ್ತು' ಎಂದು ಮುಗಿಸಿದ್ದೀರಿ. ಸ್ವಲ್ಪವೇ? ಮೊದಲ ಪ್ರಯತ್ನವನ್ನು ಅಲ್ಲಿನ ಸೋದರಿಯರು ಮುರಿದುಹಾಕಿದರು. ಸುಮಾರು ಮೂವತ್ತು ವರ್ಷ ಯಾರೂ ಏನೂ ಮಾಡಲಾಗಲಿಲ್ಲ. ಇಲ್ಲಿ ನಿಲ್ಲಿ, ಅವಸರ ಬೇಡ. ಸುಧಾರಣೆ ಅಂದರೆ ಅವರ ದಿನದ ಬದುಕಿನಲ್ಲಿ ಏನು? ತವರಿನಿಂದ ಬರುವ ವರಮಾನ ಇನ್ನು ತನ್ನದಲ್ಲ, ಮಠದ್ದು. ಎಲ್ಲರಿಗೂ ಒಂದೇ ಪಂಕ್ತಿಯ ಊಟ. ಬಾಗಿಲು ದಾಟುವಂತಿಲ್ಲ. ಅಪ್ಪ ಅಮ್ಮ ಬಂದರೂ ಮಾತು ಜಾಲರಿಯ ಆಚೆಯಿಂದ. ಇದನ್ನು ಬೇಡ ಅಂದವಳನ್ನು ಪುಸ್ತಕ 'ಶಿಸ್ತಿಲ್ಲದವಳು' ಎಂದರೆ ನೀವೂ ಹಾಗೇ ಬರೆಯಬೇಕೇ? ಅವಳು ಮಠ ಸೇರುವಾಗ ಒಪ್ಪಿಕೊಂಡಿದ್ದು ಬೇರೆ ಬದುಕನ್ನು.

ಬಾಸೆಲ್‌ನ ಕ್ಲಿಂಗೆಂಟಾಲ್ ಮಠವನ್ನು ಖಂಡಿತ ಸೇರಿಸಿ. 1480ರಲ್ಲಿ ಅಲ್ಲಿ ಬಲವಂತದ ಸುಧಾರಣೆ ನಡೆಯಿತು. ಹಳೆಯ ಸೋದರಿಯರು ಬಗ್ಗಲಿಲ್ಲ. ದೊಡ್ಡ ಮನೆತನದ ನೆಂಟರು ಬೆನ್ನಿಗಿದ್ದರು. ಕೆಲವೇ ವರ್ಷದಲ್ಲಿ ಸುಧಾರಿಸಲು ಬಂದವರೇ ಗಂಟುಮೂಟೆ ಕಟ್ಟಬೇಕಾಯಿತು. 1468ರ ಪುಸ್ತಕದಲ್ಲಿ ಇದು ಇರಲು ಸಾಧ್ಯವೇ ಇಲ್ಲ. ಆದರೆ ನಿಮ್ಮಲ್ಲಿ ಇರಬೇಕು.

ತೆಗೆಯಬೇಕಾದ್ದು: ಫ್ರಾನ್ಸಿಸ್ಕನ್ನರ ಅರ್ಧ ಭಾಗ. 1368ರಲ್ಲಿ ಇಟಲಿಯ ಬ್ರೊಲಿಯಾನೊದಲ್ಲಿ ಅವರ ಸುಧಾರಣೆ ಶುರುವಾದಲ್ಲಿಂದ 1517ರಲ್ಲಿ ಪಂಥ ಎರಡಾಗಿ ಒಡೆಯುವವರೆಗೆ ಎರಡು ಪುಟದಲ್ಲಿ ಓಡಿದ್ದೀರಿ, ನನಗೆ ಏದುಸಿರು ಬಂತು. ಅದು ಬೇರೆಯೇ ಲೇಖನ. 'ಲೂಥರ್‌ಗೆ ದಾರಿ ಮಾಡಿಕೊಟ್ಟರು' ಎಂಬ ಸಾಲೂ ಬೇಡ. ಲೂಥರ್ ಪೋಪ್‌ಗೇ ಎದುರು ನಿಂತವನು. ಈ ಮಠ ಸುಧಾರಕರು ಪೋಪ್‌ನ ಒಪ್ಪಿಗೆಯಿಂದಲೇ ಕೆಲಸ ಮಾಡಿದವರು. ಕೊನೆಯಲ್ಲಿ ಬಸವಣ್ಣನವರನ್ನು ಸುಮ್ನೆ ಎಳೆದು ತಂದಿದ್ದೀರಿ. ಅವರನ್ನು ಅವರ ಪಾಡಿಗೆ ಬಿಡಿ.

ನಿಮ್ಮ ಭಾಷೆಯ ಬಗ್ಗೆ ನನ್ನ ತಕರಾರಿಲ್ಲ. ಮಠದ ಊಟದ ಕೋಣೆಯ ಪ್ಯಾರಾ ತುಂಬ ಚೆನ್ನಾಗಿದೆ, ಅದನ್ನು ಮುಟ್ಟಬೇಡಿ. ಮೆಯರ್‌ನನ್ನು ಮೊದಲ ಪುಟಕ್ಕೆ ತಂದು, ಅವನು ಯಾರಿಗಾಗಿ ಬರೆದ ಎಂಬಲ್ಲಿಂದ ಶುರುಮಾಡಿ ಇನ್ನೊಮ್ಮೆ ಕಳಿಸಿ. ಆರು ಪುಟ ಮೀರದಿದ್ದರೆ ಮುಂದಿನ ಸಂಚಿಕೆಗೇ ತೆಗೆದುಕೊಳ್ಳುತ್ತೇನೆ.