ಥೂಜಾ ಗಿಡ ಕಂದಾಗ್ತಿದೆ, ಹುಳ ಕಾಣ್ತಿಲ್ಲ, ಏನ್ ಮಾಡೋದು?

ಎರಡು ಸಲ ಕೀಟನಾಶಕ ಹೊಡೆದ್ರೂ ಥೂಜಾ ಇನ್ನೂ ಮಂಕಾಗ್ತಿದೆ, ಹುಳ ಒಂದೂ ಕಾಣ್ತಿಲ್ಲ ಅಂದಿದ್ದೀರಿ. ದಯವಿಟ್ಟು ಮೂರನೇ ಸಲ ಹೊಡೀಬೇಡಿ. ನನಗೆ ಅನುಮಾನ ಇರೋದು ನುಸಿ (ಮೈಟ್) ಮೇಲೆ.

ಒಂದು ಬಿಳಿ ಪೇಪರ್ ತಗೊಂಡು ಮಂಕಾದ ಕೊಂಬೆ ಕೆಳಗೆ ಹಿಡಿದು ಕೊಂಬೇನ ನಾಲ್ಕೈದು ಸಲ ಜೋರಾಗಿ ತಟ್ಟಿ, ಒಂದು ನಿಮಿಷ ಸುಮ್ನೆ ನೋಡ್ತಾ ಇರಿ. ಧೂಳು ಅಂದ್ಕೊಂಡಿದ್ದ ಚುಕ್ಕೆಗಳು ನಿಧಾನಕ್ಕೆ ನಡೆಯೋಕೆ ಶುರು ಮಾಡಿದ್ರೆ ಅದೇ ನುಸಿ. ಸರಸರ ಓಡೋ ಚುಕ್ಕೆಗಳೂ ಇರಬಹುದು, ಅವು ಬಹುಮಟ್ಟಿಗೆ ನುಸಿ ತಿನ್ನೋ ನುಸಿಗಳು, ನಮ್ಮ ಪರ ಇರೋವು. ನುಸಿ ಅನ್ನೋದು ಕೀಟ ಅಲ್ಲ, ಜೇಡದ ಬಳಗ, ಹಾಗಾಗಿ ಎಷ್ಟೋ ಕೀಟನಾಶಕ ಅದಕ್ಕೆ ತಾಗಲ್ಲ, ಅದನ್ನ ತಿನ್ನೋವ್ರನ್ನ ಮಾತ್ರ ಕೊಂದು ಹಾಕುತ್ತೆ. ನಿಮ್ಮ ಗಿಡದಲ್ಲಿ ಆಗಿರೋದು ಇದೇ ಇರಬೇಕು, ನಾನೂ ಥೂಜಾ ಬಳಗದ್ದೇ ಗಿಡವಾದ ನನ್ನ ಜುನಿಪರ್‌ಗೆ ಹೀಗೇ ಮಾಡಿ ಒಂದು ಮಗ್ಗುಲು ಪೂರ್ತಿ ಕಳ್ಕೊಂಡೆ, ಅದಕ್ಕೇ ಇಷ್ಟು ಒತ್ತಿ ಹೇಳ್ತಿರೋದು.

ನುಸಿನೇ ಆದ್ರೆ ಪೈಪ್ ಹಿಡಿದು ಗಿಡದ ಒಳಭಾಗ, ಎಲೆ ಅಡಿ ಎಲ್ಲಾ ಜೋರು ನೀರಲ್ಲಿ ತೊಳೀರಿ, ಮೂರ್ನಾಲ್ಕು ದಿನಕ್ಕೊಮ್ಮೆ ಹೀಗೆ ಎರಡು ವಾರ ಮಾಡಿ, ಒಣ ಹವೆ ಮತ್ತೆ ಧೂಳು ಇದ್ದಷ್ಟೂ ಅದು ಹೆಚ್ಚೋದು. ಆಮೇಲೂ ಇದ್ರೆ ಲೀಟರ್ ನೀರಿಗೆ 5 ಎಂಎಲ್ ಬೇವಿನೆಣ್ಣೆ, ಸ್ವಲ್ಪ ಸೋಪ್ ದ್ರಾವಣ ಹಾಕಿ ಚೆನ್ನಾಗಿ ಕಲಸಿ ಸಂಜೆ ಹೊತ್ತು ಹೊಡೀರಿ, ಮೊದಲು ಒಂದೇ ಕೊಂಬೆಗೆ ಹೊಡೆದು ಎರಡು ದಿನ ನೋಡಿ. ನೀಲಿ ಛಾಯೆಯ ಜುನಿಪರ್ ಇದ್ರೆ ಎಣ್ಣೆ ಬೇಡ, ಎಲೆ ಮೇಲಿನ ಮೇಣ ಹೋಗಿ ನೀಲಿ ಬಣ್ಣನೇ ಹೊರಟೋಗುತ್ತೆ.

ಪೇಪರ್ ಮೇಲೆ ಏನೂ ಬೀಳಲಿಲ್ಲ ಅಂದ್ರೆ ಕಾಂಡ ನೋಡಿ. ಹುಣ್ಣಿನ ಹಕ್ಕಳೆ ತರ ಅಂಟಿಕೊಂಡಿರೋದು ಉಗುರಲ್ಲಿ ಕೆರೆದ್ರೆ ಎದ್ದು ಬಂತು ಅಂದ್ರೆ ಅದು ಸ್ಕೇಲ್, ಅಂದ್ರೆ ಶಲ್ಕ ಕೀಟ. ಚಿಪ್ಪು ಕಟ್ಕೊಂಡ್ಮೇಲೆ ಔಷಧಿ ಸರಿಯಾಗಿ ಹತ್ತಲ್ಲ, ಮರಿಗಳು ಹರಿದಾಡೋವಾಗ್ಲೇ ಹಿಡೀಬೇಕು. ಕೊಂಬೆಗೆ ಎರಡೂ ಕಡೆ ಅಂಟಿರೋ ಟೇಪ್ ಸುತ್ತಿ ಬಿಡಿ, ಅದರಲ್ಲಿ ಹಳದಿ ಚುಕ್ಕೆಗಳು ಸಿಕ್ಕಿಕೊಂಡ ದಿನ ಎಣ್ಣೆ ಹೊಡೆಯೋ ದಿನ. ಇನ್ನು ಕಡ್ಡಿ ಎಲೆ ಅಂಟಿಸಿಕೊಂಡು ನೇತಾಡೋ ಪುಟ್ಟ ಚೀಲ ಏನಾದ್ರೂ ಕಂಡ್ರೆ ಕಾಯಿ ಅಂದ್ಕೊಂಡು ಬಿಡ್ಬೇಡಿ, ಒಳಗೆ ಹುಳನೋ ನೂರಾರು ಮೊಟ್ಟೆನೋ ಇರುತ್ತೆ, ಕೈಯಲ್ಲೇ ಕಿತ್ತು ಸೋಪ್ ನೀರಿಗೆ ಹಾಕಿ.

ಒಂದು ವಿಷಯ, ಕಂದಾಗಿದೆ ಅಂತ ಆಳವಾಗಿ ಕತ್ತರಿಸ್ಬೇಡಿ. ಹಸಿರೇ ಇಲ್ಲದ ಹಳೇ ಕೊಂಬೆಯಿಂದ ಥೂಜಾ ಮತ್ತೆ ಚಿಗುರಲ್ಲ. ಪೇಪರ್ ಮೇಲೆ ಏನ್ ಬಿತ್ತು ಅಂತ ಇಲ್ಲೇ ಬರೀರಿ, ನೋಡಿ ಹೇಳ್ತೀನಿ.