ಅತ್ತೆ ಬೆಳಗ್ಗೆಯಿಂದ ನೀರು ಕುಡಿದಿರಲಿಲ್ಲ

ಸಲಹೆ ಕೇಳಿ ನನ್ನ ಬಳಿ ಬಂದ ಇವರನ್ನು ಸುಮಾ ಅಂತ ಕರೆಯೋಣ. ಗುರುತು ಸಿಗುವಂಥ ವಿವರಗಳನ್ನು ಬದಲಿಸಿದ್ದೇನೆ. ವಯಸ್ಸು 34, ಲಂಡನ್ನಿನ ಪಶ್ಚಿಮಕ್ಕಿರುವ ಹೌನ್ಸ್ಲೋದಲ್ಲಿ ಮನೆ. ಗಂಡ ಹೆಂಡತಿ ಇಬ್ಬರೂ ಕೆಲಸಕ್ಕೆ ಹೋಗುತ್ತಾರೆ. ಐದು ವರ್ಷದ ಮಗಳಿದ್ದಾಳೆ. ಮೇ ತಿಂಗಳಲ್ಲಿ ದಾವಣಗೆರೆಯಿಂದ ಅತ್ತೆ ಮಾವ ಮೂರು ತಿಂಗಳಿಗೆಂದು ಬಂದಿದ್ದರು. ಜೂನ್ ಕೊನೆಗೆ ವಿಡಿಯೊ ಕರೆಯಲ್ಲಿ ಸಿಕ್ಕಾಗ ಸುಮಾಗೆ ಮಾತಿಗಿಂತ ಅಳುವೇ ಮೊದಲು ಬಂತು.

ಸ್ಕಾಟ್ಲೆಂಡಿನ ಎಡಿನ್‌ಬರೋಗೆ ರೈಲು, ಹೋಟೆಲ್ ಎಲ್ಲ ಬುಕ್ ಆಗಿತ್ತು. ಹೊರಡುವ ಹಿಂದಿನ ರಾತ್ರಿ ಅತ್ತೆ, "ನಾನು ಬರಲ್ಲ, ನೀವು ಹೋಗಿ ಬನ್ನಿ" ಅಂದುಬಿಟ್ಟರು. ಯಾರೂ ಹೋಗಲಿಲ್ಲ. ಹೋಟೆಲ್ ದುಡ್ಡು ವಾಪಸ್ ಬರಲಿಲ್ಲ. ಗಂಡ ಆ ಕಡೆಯೂ ಇಲ್ಲ, ಈ ಕಡೆಯೂ ಇಲ್ಲ, ಸುಮ್ನೆ ಇದ್ದರು.

"ಪ್ರತಿ ಶನಿವಾರ, ಭಾನುವಾರ ಕರ್ಕೊಂಡು ಹೋಗಿದ್ದೀನಿ ಮೇಡಂ. ಲಂಡನ್ ಟವರ್, ಸ್ಟೋನ್‌ಹೆಂಜ್, ವಿಂಡ್ಸರ್ ಒಂದೂ ಬಿಟ್ಟಿಲ್ಲ. ಎಲ್ಲಿ ಹೋದರೂ ಮುಖ ಸಪ್ಪಗೆ. 'ಎಷ್ಟಾಯ್ತು ಟಿಕೆಟ್ಟು?' ಅನ್ನೋದು ಬಿಟ್ಟು ಬೇರೆ ಮಾತಿಲ್ಲ."

ಇದು ಅತ್ತೆ ಸೊಸೆಯ ಮಾಮೂಲು ಮುನಿಸು ಅಂತ ಮೊದಲು ನನಗೂ ಅನಿಸಿತ್ತು. ಆದರೆ ಸುಮಾ ಹೇಳಿದ ಒಂದು ಸಣ್ಣ ವಿಷಯ ತಲೆಯಲ್ಲಿ ಉಳಿಯಿತು. ಹೊರಗೆ ಹೋದ ದಿನ ಅತ್ತೆ ಕಾಫಿ ಬೇಡ ಅನ್ನುತ್ತಿದ್ದರಂತೆ. ಕಾಫಿ ಬೇಡ ಅನ್ನುವ ದಾವಣಗೆರೆಯ ಹಿರಿಯರು ಎಷ್ಟು ಜನ ಇದ್ದಾರೆ? ಸುಮಾ ಒಪ್ಪಿದ ಮೇಲೆ, ಮುಂದಿನ ಸಲ ಅತ್ತೆಯ ಜೊತೆ ನಾನೊಬ್ಬಳೇ ಮಾತಾಡಿದೆ.

ಇಪ್ಪತ್ತು ನಿಮಿಷ ಸಾಕಾಯಿತು. ಅವರಿಗೆ ಎರಡೂ ಮಂಡಿ ನೋವು. ಲಂಡನ್ನಿನ ಮೆಟ್ರೋದಲ್ಲಿ 272 ನಿಲ್ದಾಣಗಳಿವೆ. ಅರ್ಧಕ್ಕಿಂತ ಹೆಚ್ಚು ಕಡೆ ಮೆಟ್ಟಿಲು ಹತ್ತಿ ಇಳಿಯದೆ ಗತಿಯಿಲ್ಲ. ಅದಕ್ಕಿಂತ ದೊಡ್ಡ ಭಯ ಶೌಚಾಲಯದ್ದು. ಎಲ್ಲಿ ಸಿಗುತ್ತದೋ, ಪದೇ ಪದೇ ಕೇಳಿದರೆ ಸೊಸೆ ಏನಂದುಕೊಳ್ಳುತ್ತಾಳೋ ಅಂತ ಬೆಳಗ್ಗೆಯಿಂದ ನೀರೇ ಕುಡಿಯುತ್ತಿರಲಿಲ್ಲ. ಬಿಸಿಲಲ್ಲಿ ನಾಲ್ಕೈದು ಗಂಟೆ ಹಾಗೇ ನಡೆದಿದ್ದಾರೆ. ಕೇಳಿ ನನಗೆ ಕರುಳು ಚುರುಕ್ ಅಂತು.

ಟಿಕೆಟ್ಟಿನ ಬೆಲೆ ಕೇಳುತ್ತಿದ್ದದ್ದೂ ದೂರು ಹೇಳಲು ಅಲ್ಲ. ಟವರ್ ನೋಡಲು ಒಬ್ಬರಿಗೆ 30 ಪೌಂಡಿಗೂ ಜಾಸ್ತಿ. ಮೂರು ಸಾವಿರ ರೂಪಾಯಿ ದಾಟುತ್ತದೆ. "ಮಗ ಮನೆ ಸಾಲ ಕಟ್ಟಬೇಕು. ನಮ್ಮಿಂದ ಇಷ್ಟು ಖರ್ಚು ಅಂತ ಜೀವ ಹಿಡಿಯಾಗುತ್ತೆ" ಅಂದರು. ಎಡಿನ್‌ಬರೋ ಬೇಡ ಅಂದಿದ್ದಕ್ಕೆ ಖರ್ಚಿನ ಜೊತೆ ಮಂಡಿ ನೋವೂ ಕಾರಣ. ರೈಲಿನಲ್ಲೇ ನಾಲ್ಕೂವರೆ ಗಂಟೆ, ಆಮೇಲೆ ಗುಡ್ಡದ ಮೇಲಿನ ಕೋಟೆ.

ಇನ್ನೊಂದು ವಿಷಯ ಸುಮಾಗೆ ಹೊಳೆದೇ ಇರಲಿಲ್ಲ. ಜೂನ್‌ನಲ್ಲಿ ಅಲ್ಲಿ ಸೂರ್ಯ ಮುಳುಗುವಾಗ ರಾತ್ರಿ ಒಂಬತ್ತು ದಾಟಿರುತ್ತದೆ. ಅತ್ತೆ ದೀಪ ಹಚ್ಚಲು ಕತ್ತಲಾಗಲಿ ಅಂತ ಕಾಯುತ್ತಿದ್ದರು. ದೀಪ ಹಚ್ಚದೆ ಊಟಕ್ಕೆ ಕೂರುತ್ತಿರಲಿಲ್ಲ. ಸುಮಾಗೆ ಕಂಡಿದ್ದು 'ಕರೆದರೂ ಊಟಕ್ಕೆ ಬರದ ಅತ್ತೆ'.

ಅತ್ತೆಯ ಒಪ್ಪಿಗೆ ತೆಗೆದುಕೊಂಡು ಇದನ್ನೆಲ್ಲ ಸುಮಾಗೆ ಹೇಳಿದೆ. ಆದರೆ ಮೊದಲ ಕೆಲಸ ಕೊಟ್ಟಿದ್ದು ಅವರ ಗಂಡನಿಗೆ. ಅಮ್ಮನ ಮಂಡಿ ನೋವು, ಅಮ್ಮನ ಸಂಕೋಚ ಮಗನೇ ಕೇಳಿ ತಿಳಿಯಬೇಕಾದ ವಿಷಯ. ಸೊಸೆ ಊಹಿಸಲಿ ಅಂತ ಬಿಡುವುದು ಇಬ್ಬರು ಹೆಂಗಸರಿಗೂ ಅನ್ಯಾಯ. "ಖರ್ಚಿನ ಲೆಕ್ಕ ನಿಮ್ಮಮ್ಮನಿಗೆ ಒಂದು ಸಲ ಬಿಡಿಸಿ ಹೇಳಿ. ಇಷ್ಟು ತೆಗೆದಿಟ್ಟಿದ್ದೀವಿ, ಇದರೊಳಗೇ ಮಾಡ್ತೀವಿ ಅನ್ನಿ" ಅಂದೆ.

ಸುಮಾಗೆ ಹೇಳಿದ್ದು: ವಾರಕ್ಕೆ ಒಂದೇ ಜಾಗ, ಮೂರು ಗಂಟೆ ಸಾಕು. ಮೆಟ್ರೋ ಬಿಟ್ಟು ಬಸ್ ಹಿಡಿಯಿರಿ. ಅಲ್ಲಿನ ಬಸ್ಸುಗಳ ನೆಲ ತಗ್ಗಾಗಿರುತ್ತದೆ, ಹತ್ತುವುದು ಸುಲಭ. ಬ್ರಿಟಿಷ್ ಮ್ಯೂಸಿಯಂಗೆ ಟಿಕೆಟ್ ಇಲ್ಲ, ಒಳಗೆ ಕೂರಲು ಬೆಂಚು, ಶೌಚಾಲಯ ಎರಡೂ ಇವೆ. ಹೋದ ತಕ್ಷಣ ಶೌಚಾಲಯ ಎಲ್ಲಿದೆ ಅಂತ ನೀವೇ ತೋರಿಸಿ, ಅವರು ಬಾಯಿಬಿಟ್ಟು ಕೇಳುವ ಹಾಗೆ ಮಾಡಬೇಡಿ. ಭಾನುವಾರ ಯಾರೂ ಎಲ್ಲಿಗೂ ಹೋಗಬೇಡಿ. ಅದು ನಿಮ್ಮ ರಜೆ, ನಿಮಗೂ ಬೆನ್ನು ಚಾಚಬೇಕಲ್ವಾ?

ಇನ್ನೊಂದು ಸಲಹೆ ನನಗೆ ಎಲ್ಲಕ್ಕಿಂತ ಮುಖ್ಯ ಅನಿಸಿತ್ತು. ಅತ್ತೆ ಮಾವನಿಗೆ ಒಂದೇ ಒಂದು ಬಸ್ಸಿನ ದಾರಿ ಕಲಿಸಿಕೊಡಿ ಅಂದೆ. ಊರಲ್ಲಿ ಸಂತೆ, ಬ್ಯಾಂಕು, ಮದುವೆ ಮನೆ ಎಲ್ಲವನ್ನೂ ತಾವೇ ನಿಭಾಯಿಸಿದವರು ಅಲ್ಲಿ ಹಾಲು ತರಲೂ ಮಗನ ಮುಖ ನೋಡುತ್ತಿದ್ದರು. ಆ ಬೇಸರವನ್ನು ಯಾವ ಕೋಟೆ ತೋರಿಸಿದರೂ ಕಳೆಯಲು ಆಗುವುದಿಲ್ಲ.

ಸುಮಾ ಮೂರು ವಾರ ಬಿಟ್ಟು ಮತ್ತೆ ಕರೆ ಮಾಡಿದರು. ಮುನಿಸು ಪೂರ್ತಿ ಹೋಗಿರಲಿಲ್ಲ. ಹೋಟೆಲ್ ದುಡ್ಡಿನ ಮಾತು ಇನ್ನೂ ಚುಚ್ಚುತ್ತದೆ ಅಂದರು. ಆದರೆ ಹಿಂದಿನ ಶನಿವಾರ ಥೇಮ್ಸ್ ದಡದಲ್ಲಿ, ಲ್ಯಾಂಬೆತ್ ಹತ್ತಿರ ಇರುವ ಬಸವಣ್ಣನ ಪ್ರತಿಮೆ ನೋಡಲು ಹೋಗಿದ್ದರಂತೆ. 2015ರ ನವೆಂಬರಿನಲ್ಲಿ ಅನಾವರಣ ಆದದ್ದು. ಮಾವ ಎದುರಿಗಿದ್ದ ಬೆಂಚಿನಿಂದ ಒಂದು ಗಂಟೆ ಏಳಲಿಲ್ಲ. ಅತ್ತೆ ಫ್ಲಾಸ್ಕಿನ ಕಾಫಿ ಎಲ್ಲರಿಗೂ ಬಗ್ಗಿಸಿ ಕೊಟ್ಟು, ತಾವೂ ಒಂದು ಲೋಟ ಕುಡಿದರು.

ಮಾತು ಮುಗಿಸುವಾಗ ಹಿಂದಿನಿಂದ ಅತ್ತೆಯ ದನಿ ಕೇಳಿಸಿತು. ಭಾರತೀಯ ಅಂಗಡಿಗಳಿರುವ ಸೌತಾಲ್‌ಗೆ ಹೋಗುವ ಬಸ್ಸಿಗೆ ಹೊತ್ತಾಯಿತು, ಹೀರೇಕಾಯಿ ಎಷ್ಟು ತರಲಿ ಅಂತ ಕೇಳುತ್ತಿದ್ದರು.